ಸದ್ದಿಲ್ಲದ ಪೊರಕೆ

ಆ ಪೊರಕೆ ಸದ್ದೇ ಮಾಡುತ್ತಿರಲಿಲ್ಲ. ಆಲ್ವಿನ್ ರಾಪನ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

ಅದು ಅಂತಿಂಥ ಪೊರಕೆಯಲ್ಲ. ಅಪ್ಪಟ ಕುದುರೆ ಬಾಲದ ಕೂದಲು, ಗಟ್ಟಿ ಬೀಚ್ ಮರದ ಹಿಡಿ, ಒಂದೊಂದು ಗೊಂಚಲನ್ನೂ ಕೈಯಿಂದಲೇ ತಂತಿ ಎಳೆದು ಬಿಗಿದದ್ದು. ಎಸ್ಲಿಂಗೆನ್ ಪೇಟೆಯ ಹಿಂದಿನ ಓಣಿಯಲ್ಲಿ ಬ್ರಷ್ ಕಟ್ಟುವ ಮುದುಕನೊಬ್ಬನ ಅಂಗಡಿಯಿದೆ. ಅಲ್ಲಿಗೆ ಪೊರಕೆ ಕೊಳ್ಳಲು ಹೋದವರು ಬೆಲೆ ಕೇಳಿ, ಉಗುರುಜ್ಜುವ ಸಣ್ಣ ಬ್ರಷ್ಷೊಂದನ್ನು ಕೊಂಡು ಮರ್ಯಾದೆ ಉಳಿಸಿಕೊಂಡು ಬರುವುದು ವಾಡಿಕೆ. ಆಲ್ವಿನ್ ಮಾತ್ರ ಕಣ್ಣು ಮುಚ್ಚಿ ದುಡ್ಡು ಕೊಟ್ಟುಬಿಟ್ಟ. ಆ ದುಡ್ಡಿಗೆ ಅಗ್ಗದಂಗಡಿಯಲ್ಲಿ ಒಂದು ಹೊರೆ ಪ್ಲಾಸ್ಟಿಕ್ ಪೊರಕೆ ಬರುತ್ತಿದ್ದವು, ಮೇಲೊಂದು ಬಕೆಟ್ಟೂ ಬರುತ್ತಿತ್ತು.

"ಜೋಪಾನವಾಗಿ ಇಟ್ಕೊಂಡ್ರೆ ನಿಮ್ಮ ಮೊಮ್ಮಕ್ಕಳೂ ಇದರಲ್ಲೇ ಗುಡಿಸ್ತಾರೆ," ಅಂದಿದ್ದ ಮುದುಕ.

"ನಮಗೆ ಮಕ್ಕಳಿಲ್ಲ."

"ಹಾಗಾದ್ರೆ ಈಗಲೇ ಒಂದು ಉಯಿಲು ಬರೆದಿಡಿ. ಪಾಪ, ಪೊರಕೆ ಅನಾಥ ಆಗಬಾರದು."

ಮನೆಗೆ ತಂದಾಗ ಹೆಂಡತಿ ಗೂಡ್ರುನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೆಲೆ ಕೇಳಿದ ಮೇಲೆ ನಿಧಾನವಾಗಿ ಕುರ್ಚಿಯ ಮೇಲೆ ಕೂತಳು.

"ಇದರಲ್ಲಿ ಗುಡಿಸೋದಾ, ಇಲ್ಲ ಇದಕ್ಕೇ ದಿನಾ ಮೇವು ಹಾಕೋದಾ?"

"ನಿನ್ನ ಮಂಡಿಗೋಸ್ಕರಾನೇ ತಂದಿದ್ದು ಕಣೇ," ಅಂದ ಆಲ್ವಿನ್.

ಈ ಉತ್ತರ ಹುಚ್ಚನ ಮಾತಿನಂತೆ ಕೇಳಿಸಿದರೂ ಅದರಲ್ಲಿ ಲೆಕ್ಕಾಚಾರವಿತ್ತು. ಗಂಡ ಹೆಂಡತಿ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಲಿಫ್ಟಿನ ಮಾತೆತ್ತಿದರೆ ಆ ಹಳೆಯ ಕಟ್ಟಡವೇ ನಗುತ್ತಿತ್ತು. ಗೂಡ್ರುನ್‌ಳ ಬಲ ಮಂಡಿ ಎರಡು ವರ್ಷದಿಂದ ಹಟ ಹಿಡಿದು ಕೂತಿತ್ತು, ಸಂತೆಯಿಂದ ಬಂದವಳು ಪ್ರತಿ ಮಹಡಿಯಲ್ಲೂ ನಿಂತು, "ಕಿಟಕಿಯಿಂದ ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವಾ?" ಎಂದು ಗೋಡೆಯ ಕಡೆ ನೋಡಿ ಹೇಳುತ್ತಿದ್ದಳು. ನೋವೆಂದು ಬಾಯಿಬಿಟ್ಟು ಹೇಳುವ ಪೈಕಿಯಲ್ಲ ಅವಳು. ಆದರೂ ಆಲ್ವಿನ್‌ಗೆ ಗೊತ್ತಿತ್ತು. ಈಗ ನೋಡಿದರೆ ಮೊದಲ ಮಹಡಿಯ ಮನೆ ಖಾಲಿಯಾಗಿತ್ತು. ಅಲ್ಲಿದ್ದ ವಾದ್ಯದವನು ತನ್ನ ಉದ್ದನೆಯ ಹಿತ್ತಾಳೆ ತುತ್ತೂರಿಯ ಸಮೇತ ಬೇರೆ ಊರಿಗೆ ಹೋಗಿದ್ದ. ಆ ಮನೆ ಯಾರಿಗೆಂದು ತೀರ್ಮಾನಿಸಬೇಕಾದವಳು ಕೆಳಮನೆಯಲ್ಲಿದ್ದ ಮಾಲೀಕಳು, ಐಸೆಲೆ ಅಮ್ಮ.

ಐಸೆಲೆ ಅಮ್ಮ ಮದುವೆಯಲ್ಲಿ ಬಂದ ಕಬ್ಬಿಣದ ಬಾಣಲೆಯಲ್ಲಿ ಇವತ್ತಿಗೂ ಮೊಟ್ಟೆ ಹುರಿಯುವವಳು. "ಅಗ್ಗದ್ದು ಕೊಳ್ಳೋವಷ್ಟು ಶ್ರೀಮಂತಳಲ್ಲ ನಾನು," ಎಂಬುದು ಅವಳ ಮಂತ್ರ. ಅಂಥವಳ ಕಣ್ಣಿಗೆ ಜನ್ಮಕ್ಕೊಂದೇ ಸಾಕೆನ್ನುವ ಪೊರಕೆ ಬಿದ್ದರೆ? 'ಈ ರಾಪ್ ನನ್ನ ಜಾತಿಯವನು' ಅನ್ನಿಸದೆ ಇರುತ್ತದೆಯೇ? ಇದು ಆಲ್ವಿನ್‌ನ ಲೆಕ್ಕ.

ಲೆಕ್ಕಕ್ಕೆ ಸರಿಯಾಗಿ ಗುಡಿಸುವ ವಾರದ ಹಲಗೆ ಅವನ ಬಾಗಿಲಿಗೇ ಬಂದು ನೇತುಬಿದ್ದಿತು. ನಮ್ಮ ಶ್ವಾಬಿಯ ಸೀಮೆಯಲ್ಲಿ ಭಾನುವಾರ ದೇವರದಾದರೆ ಶನಿವಾರ ಪೊರಕೆಯದು. ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೇಲಿಂದ ಕೆಳಗಿನವರೆಗೆ ಮೆಟ್ಟಿಲು ಗುಡಿಸಬೇಕು. ಇನ್ನೊಂದು ದೊಡ್ಡ ಹಲಗೆಯಿದೆ. ಅದು ಬಂದವರಿಗೆ ಅಂಗಳ, ಬೀದಿ, ನೆಲಮಾಳಿಗೆ. ಕಸ ಇಲ್ಲದಿದ್ದರೂ ಗುಡಿಸಲೇಬೇಕು. ಕಸಕ್ಕೂ ಗುಡಿಸುವುದಕ್ಕೂ ಏನಾದರೂ ಸಂಬಂಧವಿದೆ ಎಂದವರು ಹೊರಗಿನ ಊರಿನವರು ಎಂದೇ ಲೆಕ್ಕ.

"ಶನಿವಾರ ಸಾಯಂಕಾಲ ಎಲ್ಲರೂ ನನ್ನ ಮನೆಗೆ ಬನ್ನಿ, ಈರುಳ್ಳಿ ಕೇಕು ಮಾಡ್ತೀನಿ," ಎಂದು ಐಸೆಲೆ ಅಮ್ಮ ಕರೆದಿದ್ದಳು. "ಮೇಲಿನ ಮನೆ ಯಾರಿಗೆ ಅಂತ ಆವಾಗಲೇ ಹೇಳ್ತೀನಿ."

ಶನಿವಾರ ಬೆಳಕು ಹರಿಯುತ್ತಲೇ ಆಲ್ವಿನ್ ಪೊರಕೆ ಹಿಡಿದು ಹೊರಗೆ ಬಂದ. ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಮೂಲೆ ಮೂಲೆಯನ್ನೂ ಹುಡುಕಿ ಗುಡಿಸಿದ. ಆದರೆ ಎತ್ತಿ ಒಗೆಯುವ ಕೆಲಸವೇನೂ ಇರಲಿಲ್ಲ. ಪೊರಕೆ ಬೆಣ್ಣೆಯ ಮೇಲೆ ಬೆರಳಾಡಿಸಿದಂತೆ ಜಾರುತ್ತಿತ್ತು. ಧೂಳು ಏಳಲಿಲ್ಲ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಮುಂದೆ ಮುಂದೆ ಸರಿಯಿತು. ಕೆಳಗಿನ ಬಾಗಿಲು ಮುಟ್ಟುವ ಹೊತ್ತಿಗೆ ಆಲ್ವಿನ್‌ನ ಕಣ್ಣಲ್ಲಿ ನೀರಾಡಿತ್ತು. ಇಷ್ಟು ವರ್ಷ ಪ್ಲಾಸ್ಟಿಕ್ಕಿನಲ್ಲಿ ಗುಡಿಸಿ ಎಂಥ ಬಾಳು ಬಾಳಿದೆ ಅನ್ನಿಸಿತು.

ಮೇಲೆ ಹತ್ತುವಾಗ ಎರಡನೇ ಮಹಡಿಯ ಬಾಗಿಲು ತೆರೆಯಿತು. ಟ್ರಾಮ್ ಓಡಿಸಿ ನಿವೃತ್ತನಾದ ಟ್ರೌಗೋಟ್ ವುರ್ಸ್ಟರ್ ರಾತ್ರಿಯಂಗಿಯಲ್ಲೇ ತಲೆ ಹೊರಗೆ ಹಾಕಿದ. ಕಟ್ಟಡದಲ್ಲಿ ಎಲ್ಲರಿಗಿಂತ ಹಳೆಯ ಬಾಡಿಗೆದಾರ ಅವನು. ಆದ್ದರಿಂದ ಎಲ್ಲರ ವಿಷಯವೂ ಅವನದೇ.

"ಏನಯ್ಯಾ ರಾಪ್, ಇನ್ನೂ ಶುರು ಮಾಡಿಲ್ವಾ?"

"ಮುಗಿದೇ ಹೋಯ್ತು."

"ಸುಳ್ಳು ಹೇಳಬೇಡ. ನಾನು ಆಗಿಂದ ಕಿವಿ ಕೊಟ್ಕೊಂಡು ಮಲಗಿದೀನಿ. ಒಂದು ಪಿಟ್ಟೆಂದಿಲ್ಲ."

"ಅದೇ ಈ ಪೊರಕೆಯ ವಿಶೇಷ, ವುರ್ಸ್ಟರ್ ಅವರೇ. ಕುದುರೆ ಕೂದಲು. ಮೆಟ್ಟಿಲು ನೋಡಿ."

ವುರ್ಸ್ಟರ್ ಬಗ್ಗಿ ಮೆಟ್ಟಿಲ ಮೇಲೆ ಬೆರಳೆಳೆದ. ಬೆರಳು ನೋಡಿದ. ಮೂಸಿಯೂ ನೋಡಿದ.

"ಚೊಕ್ಕಟವಾಗಿದೆ, ಇಲ್ಲ ಅನ್ನಲ್ಲ. ಆದರೆ ಯಾರೂ ಓಡಾಡದೇ ಇದ್ರೂ ಹಿಂಗೇ ಇರುತ್ತೆ. ನೀನು ಗುಡಿಸಿದ್ದಕ್ಕೆ ಸಾಕ್ಷಿ ಏನು?"

"ಸಾಕ್ಷಿನಾ?"

"ಅಯ್ಯೋ ಪೆದ್ದೇ! ಆ ಮುದುಕಿ ಶನಿವಾರ ಬಾಗಿಲ ಹಿಂದೆ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ, ಗೊತ್ತಿಲ್ವಾ? ಗುಡಿಸೋದು ಯಾರಿಗೆ ಬೇಕು? ಗುಡಿಸಿದ್ದು ಕೇಳಿಸಬೇಕು! ಸಾಯಂಕಾಲ ಮನೆ ಹಂಚೋಳಿಗೆ 'ಈ ರಾಪ್ ಇವತ್ತಿನ ದಿನಾನೂ ಬಿದ್ಕೊಂಡಿದ್ದ' ಅನ್ನಿಸಿದ್ರೆ ಮುಗೀತು ನಿನ್ನ ಕತೆ."

ಆಲ್ವಿನ್ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಸದ್ದು ಮಾಡಿ ಅಭ್ಯಾಸವೇ ಇಲ್ಲ. ಆದರೂ ಗೂಡ್ರುನ್‌ಳ ಮಂಡಿಯನ್ನು ನೆನೆದು ಮತ್ತೆ ಮೇಲಕ್ಕೆ ಹೋಗಿ ಎರಡನೇ ಸಲ ಗುಡಿಸತೊಡಗಿದ. ಈ ಸಲ ಪೊರಕೆಯನ್ನು ಎತ್ತೆತ್ತಿ ಬಡಿದ. ಕುದುರೆ ಕೂದಲು ಬಡಿದರೆ ಎಷ್ಟು ಸದ್ದು ಬಂದೀತು? ದಿಂಬಿಗೆ ಹೊಡೆದಂತಾಯಿತು. ಕೊನೆಗೆ ಗಂಟಲು ಸರಿಮಾಡಿಕೊಂಡು ಚರ್ಚಿನ ಕೀರ್ತನೆಯೊಂದನ್ನು ಎತ್ತಿಕೊಂಡ. ಅವನ ರಾಗಕ್ಕೆ ದೇವರ ಕ್ಷಮೆ ಸಿಕ್ಕಿರಬಹುದು, ನೆರೆಹೊರೆಯವರದು ಸಿಗುವುದು ಕಷ್ಟ.

ಆಗ ಕೆಳಗಿನಿಂದ ಕೇಳಿಸಿತು: ಟಣ್, ಟಣ್, ಟಣ್.

ಐಸೆಲೆ ಅಮ್ಮನ ಊರುಗೋಲು. ಗೋಡೆಗುಂಟ ಮೇಲಕ್ಕೆ ಹೋಗುವ ಬಿಸಿನೀರಿನ ಕೊಳವೆಗೆ ಅವಳು ಕೋಲಿನಿಂದ ಕುಟ್ಟಿದರೆ ಐದೂ ಮನೆಗೆ ಕೇಳಿಸುತ್ತದೆ. ಮಾತಾಡಬೇಕಾದರೆ ಮೆಟ್ಟಿಲು ಹತ್ತಬೇಕು, ಕುಟ್ಟಿದರೆ ಕೂತಲ್ಲೇ ಕೆಲಸವಾಗುತ್ತದೆ ಎಂಬುದು ಅವಳ ಉಳಿತಾಯ. ಆ ಕೊಳವೆಯ ಭಾಷೆ ತನಗೊಬ್ಬನಿಗೇ ಪೂರ್ತಿ ಬರುತ್ತದೆಂದು ವುರ್ಸ್ಟರ್‌ನ ನಂಬಿಕೆ.

"ಕೇಳಿಸ್ತಾ?" ವುರ್ಸ್ಟರ್ ಓಡಿಬಂದ. "'ಎಲ್ಲಿ ಪೊರಕೆ?' ಅಂತ ಕೇಳ್ತಿದಾಳೆ. ಹಾಡು ಕೇಳಿಸ್ತು, ಪೊರಕೆ ಕೇಳಿಸ್ಲಿಲ್ಲ. ಹಾಡ್ಕೊಂಡು ಕಾಲ ಕಳೀತಿದಾನೆ ಅಂದ್ಕೊಂಡಳು!"

"ಅಯ್ಯೋ ದೇವರೇ."

ಮೇಲಿನಿಂದ ಗೂಡ್ರುನ್ ಬಗ್ಗಿ ನೋಡಿದಳು. "ಆಲ್ವಿನ್, ಯಾರಿಗೆ ಏನಾಯ್ತು? ಯಾಕೆ ಹಂಗೆ ಅಳ್ತಿದ್ದೆ?"

"ಅಳ್ತಿರಲಿಲ್ಲ, ಹಾಡ್ತಿದ್ದೆ."

"ಬೇಡ ಮಾರಾಯ. ತಿಂಡಿಗೆ ಬಾ, ಸಾಕು. ಮನೆ ಸಿಕ್ಕಿದ್ರೆ ಸಿಕ್ತು. ನನಗೆ ಈ ಕಿಟಕಿಗಳೆಲ್ಲ ಅಭ್ಯಾಸ ಆಗಿಹೋಗಿದೆ."

ಅವಳು ಹಾಗೆ ಅಂದದ್ದೇ ತಪ್ಪಾಯಿತು. ಆಲ್ವಿನ್ ಇನ್ನಷ್ಟು ಹಟ ತೊಟ್ಟ.

ಅಷ್ಟರಲ್ಲಿ ಮೂರನೇ ಮಹಡಿಯಿಂದ ಊರ್ಸೆಲ್ ಕೀನ್ಲೆ ಇಳಿದು ಬಂದಳು. ಒಂದು ಕಂಕುಳಲ್ಲಿ ಬಾತ್ಸಿ, ಇನ್ನೊಂದರಲ್ಲಿ ಪೊರಕೆ. ಬಾತ್ಸಿ ಅವಳ ಮುದಿ ನಾಯಿ. ಉದ್ದ ಬೆನ್ನು, ಗಿಡ್ಡ ಕಾಲು. ಬೆನ್ನು ಹಿಡಿದುಕೊಂಡಾಗಿನಿಂದ ಅದಕ್ಕೆ ಮೆಟ್ಟಿಲು ಹತ್ತಲು ಇಳಿಯಲು ಆಗದೆ ಮಹಾರಾಜನಂತೆ ಹೊತ್ತು ತಿರುಗಬೇಕು. ಹಾಗಾಗಿ ಮೊದಲ ಮಹಡಿಯ ಮನೆಯ ಮೇಲೆ ಅವಳಿಗೂ ಕಣ್ಣಿತ್ತು. ಆ ವಾರ ದೊಡ್ಡ ಹಲಗೆ ಅವಳದು, ಅಂಗಳ ಗುಡಿಸಲು ಹೊರಟಿದ್ದಳು. ಪೊರಕೆಯೋ, ಅಗ್ಗದಂಗಡಿಯ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು. ಅದನ್ನು ನೆಲಕ್ಕೆ ತಾಗಿಸಿದರೆ ಸಾಕು, ತಗಡಿನ ಮೇಲೆ ಬೆಕ್ಕು ಜಾರಿದಂತೆ ಕೇಳಿಸುತ್ತಿತ್ತು.

ವುರ್ಸ್ಟರ್‌ನ ಕಣ್ಣು ಹೊಳೆಯಿತು. "ರಾಪ್! ನಿನಗೆ ಬೇಕಾದ ಪೊರಕೆ ಅದು!"

"ಇದಾ?" ಊರ್ಸೆಲ್ ನಕ್ಕಳು. "ತಗೊಳ್ಳಿ ರಾಪಣ್ಣ, ಅರ್ಧ ಗಂಟೆಗೆ ಬದಲಾಯಿಸ್ಕೊಳ್ಳೋಣ. ಆದ್ರೆ ಕಿವಿಗೆ ಹತ್ತಿ ಇಟ್ಕೊಳ್ಳಿ. ಮೂರು ತಿಂಗಳಿಗೊಂದು ಮುರಿಯುತ್ತೆ, ಇದು ಈ ವರ್ಷದ ಮೂರನೇದು."

ಆಲ್ವಿನ್ ತನ್ನ ಪೊರಕೆಯನ್ನು ಅವಳ ಕೈಗಿಡುವಾಗ ಹೆಣ್ಣು ಒಪ್ಪಿಸುವ ತಂದೆಯಂತಾಗಿದ್ದ. "ಒತ್ತಬೇಡಿ ಕಣಮ್ಮ. ಅದರ ಪಾಡಿಗೆ ಅದು ಹೋಗುತ್ತೆ. ಒದ್ದೆ ನೆಲಕ್ಕೆ ಬೇಡ. ಮುಗಿದ ಮೇಲೆ ಕೂದಲು ಮೇಲೆ ಮಾಡಿ ನಿಲ್ಲಿಸಿ."

"ಮುತ್ತೂ ಕೊಡಬೇಕಾ?"

"ಬೇಡ," ಅಂದ ಆಲ್ವಿನ್, ಸ್ವಲ್ಪ ಯೋಚಿಸಿ.

ಮೂರನೇ ಸಲದಂಥ ಗುಡಿಸಾಟ ಆ ಕಟ್ಟಡದ ಚರಿತ್ರೆಯಲ್ಲೇ ಆಗಿರಲಿಲ್ಲ. ಕರ್ರ್, ಕರ್ರ್ ಎಂದು ಗುಲಾಬಿ ಪೊರಕೆ ಪ್ರತಿ ಮೆಟ್ಟಿಲಿನ ಪ್ರಾಣ ತೆಗೆಯಿತು. ಕೊಳವೆ ಮತ್ತೆ ಮಾತಾಡಿತು: ಟಣ್ ಟಣ್ ಟಣ್!

"ಈಗೇನಂತೆ?" ಬೆವರೊರೆಸಿಕೊಳ್ಳುತ್ತ ಆಲ್ವಿನ್ ಕೇಳಿದ.

"'ಈಗ ಸ್ವಲ್ಪ ಕೇಳಿಸ್ತಿದೆ' ಅಂತ," ವುರ್ಸ್ಟರ್ ಖಚಿತವಾಗಿ ಹೇಳಿದ. "ಇನ್ನೂ ಜೋರಾಗಿ ಎಳಿ. ಮುದುಕಿಗೆ ಕಿವಿ ಮಂದ ಆಗ್ತಾ ಬಂದಿದೆ."

ಆಲ್ವಿನ್ ಇನ್ನೂ ಜೋರಾಗಿ ಎಳೆದ. ಪೊರಕೆಯ ಗುಲಾಬಿ ಕಡ್ಡಿಗಳು ಒಂದೊಂದಾಗಿ ಉದುರತೊಡಗಿದವು. ಅವನ್ನು ಗುಡಿಸಲು ಹೋದರೆ ಇನ್ನೊಂದಷ್ಟು ಉದುರುತ್ತಿದ್ದವು. ಬೆಳಗ್ಗೆ ಕನ್ನಡಿಯಂತಿದ್ದ ಮೆಟ್ಟಿಲ ಮೇಲೆ ಈಗ ನಿಜವಾಗಿ ಕಸವಿತ್ತು. ಕೆಳಗೆ, ಮೇಲೆ, ಮತ್ತೆ ಕೆಳಗೆ. ಹೋದ ಪುಟ್ಟ ಬಂದ ಪುಟ್ಟ. ಮಧ್ಯಾಹ್ನದ ಊಟವೂ ತಪ್ಪಿತು. ನಡುವೆ ಒಮ್ಮೆ ಕಿಟಕಿಯಿಂದ ನೋಡಿದ. ಅಂಗಳದಲ್ಲಿ ಚೆಸ್ಟ್‌ನಟ್ ಮರದ ಎಲೆಗಳನ್ನು ಊರ್ಸೆಲ್ ಅವನ ಪೊರಕೆಯಿಂದ ಮೆಲ್ಲಗೆ ಸರಿಸುತ್ತಿದ್ದಳು. ಬಾತ್ಸಿ ಪಕ್ಕದಲ್ಲೇ ಬಿಸಿಲಿಗೆ ನಿದ್ದೆ ಹೋಗಿತ್ತು. ಎಷ್ಟು ಚೆಂದ ಹೋಗುತ್ತಿದೆ ನನ್ನ ಪೊರಕೆ ಎಂದು ಅವನ ಕರುಳು ಚುರುಕ್ಕೆಂದಿತು.

ಕೊನೆಯ ಸುತ್ತಿನಲ್ಲಿ, ಮೂರನೇ ಮಹಡಿಯ ತಿರುವಿನಲ್ಲಿ, ಗುಲಾಬಿ ಪೊರಕೆಯ ಹಿಡಿ ಕಳಚಿಕೊಂಡಿತು. ತಗಡಿನ ಕೊಳವೆಯಂಥ ಆ ಹಿಡಿ ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ, ಕಂಬಿಗೆ ಬಡಿದು, ವುರ್ಸ್ಟರ್‌ನ ಬಾಗಿಲಿಗೆ ಒದ್ದು, ಕೆಳಗಿದ್ದ ಸತುವಿನ ಬಕೆಟ್ಟಿನೊಳಗೆ ತಲೆಕೆಳಗಾಗಿ ಬಿತ್ತು. ಬಕೆಟ್ಟು ಉರುಳಿ ಐಸೆಲೆ ಅಮ್ಮನ ಬಾಗಿಲು ತಟ್ಟಿತು.

ಬಾಗಿಲು ಒಂದು ಗೇಣು ತೆರೆಯಿತು. ಐಸೆಲೆ ಅಮ್ಮನ ಮುಖ ಕಾಣಿಸಿತು. ಆಲ್ವಿನ್ ಏದುಸಿರು ಬಿಡುತ್ತ ಓಡಿಬಂದು, ಕೈಯಲ್ಲಿ ಗುಲಾಬಿ ತಲೆಯನ್ನು ಹಿಡಿದು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿದ.

"ಗುಡಿಸ್ತಾ ಇದೀನಿ, ಅಮ್ಮಾ! ಬೆಳಗ್ಗೆಯಿಂದ ಗುಡಿಸ್ತಾನೇ ಇದೀನಿ!"

ಅವಳು ಅವನನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ಕೈಯಲ್ಲಿದ್ದುದನ್ನು ನೋಡಿದಳು.

"ಗೊತ್ತಾಯ್ತು ಬಿಡಪ್ಪ," ಎಂದು ಬಾಗಿಲು ಹಾಕಿಕೊಂಡಳು.

ಆಲ್ವಿನ್ ಮೇಲಕ್ಕೆ ಹಾರುತ್ತ ಹೋದ. "ಗೂಡ್ರುನ್! ಗೊತ್ತಾಯ್ತು ಅಂದಳು ಕಣೇ! ಬಾಯಾರೆ ಅಂದಳು!"

ಸಾಯಂಕಾಲ ಐಸೆಲೆ ಅಮ್ಮನ ಅಡುಗೆಮನೆಯಲ್ಲಿ ಎಲ್ಲರೂ ಸೇರಿದರು. ಈರುಳ್ಳಿ ಕೇಕಿನ ಘಮ, ಹೊಸ ದ್ರಾಕ್ಷಾರಸ. ಊರ್ಸೆಲ್ ಪೊರಕೆಯನ್ನು ಜೋಪಾನವಾಗಿ ತಂದು, ಹೇಳಿದಂತೆ ಕೂದಲು ಮೇಲೆ ಮಾಡಿ, ಬಾಗಿಲ ಮೂಲೆಯಲ್ಲಿ ನಿಲ್ಲಿಸಿದ್ದಳು. ಬಾತ್ಸಿ ಒಲೆಯ ಬುಡದಲ್ಲಿ ಗಪ್‌ಚಿಪ್ ಮಲಗಿತ್ತು. ವುರ್ಸ್ಟರ್ ಎರಡನೇ ತುಂಡಿಗೆ ಕೈ ಹಾಕಿದ್ದ. ಆಲ್ವಿನ್ ಮೇಜಿನ ಕೆಳಗೆ ಗೂಡ್ರುನ್‌ಳ ಕೈ ಹಿಡಿದುಕೊಂಡಿದ್ದ.

"ಮೇಲಿನ ಮನೆ ಅಂದ್ರೆ ನನ್ನ ತಲೆ ಮೇಲಿನ ಮನೆ," ಎಂದು ಐಸೆಲೆ ಅಮ್ಮ ಶುರು ಮಾಡಿದಳು. "ಏಳು ವರ್ಷ ಆ ತುತ್ತೂರಿಯವನ್ನ ಸಹಿಸ್ಕೊಂಡೆ. ಇನ್ನು ಸಾಯೋ ತನಕ ನನಗೆ ಬೇಕಿರೋದು ಒಂದೇ: ನೆಮ್ಮದಿ. ಇವತ್ತು ಬೆಳಗ್ಗೆ ಪೇಪರ್ ತಗೊಳ್ಳೋಕೆ ಬಾಗಿಲು ತೆಗೀತೀನಿ, ಮೆಟ್ಟಿಲು ಥಳ ಥಳ! ಯಾವಾಗ ಗುಡಿಸಿದ್ರು, ಯಾರು ಗುಡಿಸಿದ್ರು, ಒಂದು ಸದ್ದಿಲ್ಲ. ನಲವತ್ತು ವರ್ಷದಲ್ಲಿ ಮೊದಲನೇ ಸಲ ಶನಿವಾರ ನಿದ್ದೆ ಕೆಡಲಿಲ್ಲ. ಯಾವ ಪುಣ್ಯಾತ್ಮರಪ್ಪಾ ಇವರು, ಇವರೇ ನನ್ನ ತಲೆ ಮೇಲೆ ಇರಲಿ ಅಂದ್ಕೊಂಡೆ."

ಆಲ್ವಿನ್ ಕುರ್ಚಿಯ ತುದಿಗೆ ಸರಿದ. ಗೂಡ್ರುನ್‌ಳ ಕೈ ಬಿಗಿಯಾಯಿತು.

"ಆಮೇಲೆ ಶುರುವಾಯ್ತು ನೋಡಿ! ಮೊದಲು ಯಾರೋ ಗೋಳಾಡಿದ ಹಾಗೆ. ನಿಲ್ಲಿಸು ಅಂತ ಕುಟ್ಟಿದೆ. ಕರ್ರ್, ಕರ್ರ್ ಅಂತ ಶುರುವಾಯ್ತು. ಮತ್ತೆ ಕುಟ್ಟಿದೆ. ಇನ್ನೂ ಜೋರಾಯ್ತು! ಕೊನೆಗೆ ಬಕೆಟ್ಟಲ್ಲೇ ನನ್ನ ಬಾಗಿಲಿಗೆ ಹೊಡೆದ."

ಎಲ್ಲರೂ ವುರ್ಸ್ಟರ್‌ನ ಕಡೆ ತಿರುಗಿದರು. ವುರ್ಸ್ಟರ್ ಕೇಕಿನಲ್ಲಿ ಈರುಳ್ಳಿ ಎಲ್ಲಿದೆಯೆಂದು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದ.

"ಅದೇ ಹೊತ್ತಲ್ಲಿ ಕಿಟಕಿಯಿಂದ ಅಂಗಳ ನೋಡ್ತೀನಿ, ಈ ಊರ್ಸೆಲ್ ಎಂಥಾ ಪೊರಕೆ ಹಿಡಿದು ಗುಡಿಸ್ತಿದಾಳೆ! ಎಲೆ ಅಲ್ಲಾಡಿದ್ದು ಕಾಣ್ತು, ಕೇಳಿಸ್ಲಿಲ್ಲ. ನಾಯಿಗೂ ಎಚ್ಚರ ಆಗಲಿಲ್ಲ. ಸರದಿ ರಾಪಂದಾದ್ರೂ ಬೆಳಗ್ಗೆ ಮೆಟ್ಟಿಲು ಗುಡಿಸಿಟ್ಟ ಪುಣ್ಯಾತ್ಮಳೂ ಇವಳೇ ಅಂತ ಆವಾಗ ಗೊತ್ತಾಯ್ತು. ಮನೆ ಊರ್ಸೆಲ್‌ಗೆ."

"ಆ ಪೊರಕೆ ನಂದು!" ಆಲ್ವಿನ್ ಎದ್ದು ನಿಂತುಬಿಟ್ಟ. "ಬೆಳಗ್ಗೆ ಗುಡಿಸಿದ್ದೂ ನಾನೇ!"

"ಹೌದಮ್ಮ, ಪೊರಕೆ ರಾಪಣ್ಣಂದೇ," ಊರ್ಸೆಲ್ ಮುಖ ಕೆಂಪು ಮಾಡಿಕೊಂಡು ಹೇಳಿದಳು. ಅವಳು ಕೆಟ್ಟವಳಲ್ಲ. "ನನ್ನದು ಆ ಗುಲಾಬಿಯದು. ಅರ್ಧ ಗಂಟೆಗೆ ಅಂತ ಬದಲಾಯಿಸ್ಕೊಂಡ್ವಿ, ಸಾಯಂಕಾಲವೇ ಆಗೋಯ್ತು."

ಐಸೆಲೆ ಅಮ್ಮ ಎದ್ದು ಹೋಗಿ ಪೊರಕೆಯನ್ನು ಕೈಗೆತ್ತಿಕೊಂಡಳು. ಕೂದಲನ್ನು ಅಂಗೈಯಲ್ಲಿ ಸವರಿದಳು, ಹಿಡಿಯನ್ನು ಬೆರಳಿಂದ ತಟ್ಟಿ ಕೇಳಿದಳು. ಅವಳ ಮುಖ ಮೆತ್ತಗಾಯಿತು. ಆಲ್ವಿನ್‌ನ ಜೀವ ಮತ್ತೆ ಬಂತು.

"ಚಿನ್ನದಂಥ ಸಾಮಾನು. ಜನ್ಮಕ್ಕೊಂದು ಸಾಕು. ಎಷ್ಟು ಕೊಟ್ರೂ ದಂಡ ಅಲ್ಲ," ಅಂದಳು. ಆಮೇಲೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ನಿಂದೇ ಅಂತೀಯ. ಇರಲಿ, ನಂಬಿದೆ. ಹಾಗಾದ್ರೆ ಹೇಳು ರಾಪ್, ಇಂಥಾ ಪೊರಕೆ ಇದ್ರೂ ಬೇರೆಯವರಿಗೆ ಕೊಟ್ಟು ಅಷ್ಟು ಗದ್ದಲ ಮಾಡೋನು ಒಬ್ಬ, ತನ್ನದು ಅಗ್ಗದ್ದಾದ್ರೂ ಇಂಥದ್ದು ಇಸ್ಕೊಂಡು ಸದ್ದಿಲ್ಲದೆ ಗುಡಿಸೋಳು ಒಬ್ಬಳು. ನನ್ನ ತಲೆ ಮೇಲೆ ಯಾರಿರಬೇಕು?"

ಆಲ್ವಿನ್ ಮತ್ತೆ ಕುರ್ಚಿಗೆ ಕುಸಿದ. ಕೋಲು ಕೊಟ್ಟು ಹೊಡೆಸಿಕೊಂಡ ಅನ್ನುವ ಗಾದೆಯಲ್ಲಿ ಕೋಲಿನ ಬೆಲೆ ಇಷ್ಟಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಒಲೆಯ ಬುಡದಲ್ಲಿ ಬಾತ್ಸಿ ತನ್ನ ಉದ್ದ ಬೆನ್ನನ್ನು ಚಾಚಿ, ಹೊಸ ಮನೆಯ ಮಾಲೀಕನ ಗತ್ತಿನಲ್ಲಿ ಆಕಳಿಸಿತು.

ಹೊರಡುವಾಗ ಊರ್ಸೆಲ್ ಬಾಗಿಲವರೆಗೆ ಬಂದು ಪೊರಕೆಯನ್ನು ಆಲ್ವಿನ್‌ನ ಕೈಗೆ ಕೊಟ್ಟಳು. "ಬೇಜಾರು ಮಾಡ್ಕೋಬೇಡಿ ರಾಪಣ್ಣ. ಅಂದಹಾಗೆ, ಇದು ಯಾವ ಅಂಗಡೀಲಿ ಸಿಗುತ್ತೆ?"

ಗಂಡ ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ನಾಲ್ಕು ಮಹಡಿಯೂ ಅಲ್ಲೇ ಇದ್ದವು.

"ತಪ್ಪಾಯ್ತು ಕಣೇ," ಅಂದ ಆಲ್ವಿನ್. "ಆ ದುಡ್ಡಿಗೆ ನಿನಗೆ ಮುಲಾಮಾದ್ರೂ ಬರ್ತಿತ್ತು."

ಗೂಡ್ರುನ್ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಹಲ್ಲು ಕಚ್ಚಿ, ಸುತ್ತ ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಕೈ ಚಾಚಿದಳು. ಸಿಕ್ಕಿದ್ದು ಪೊರಕೆ. ಅದನ್ನು ಕೂದಲು ಮೇಲೆ ಮಾಡಿ ಊರಿಕೊಂಡಳು. ಭಾರ ಹಾಕಿದಳು. ಬೀಚ್ ಮರದ ಹಿಡಿ ಒಂದಿಷ್ಟೂ ಬಾಗಲಿಲ್ಲ.

"ಅರೆ!" ಎಂದು ಇನ್ನೊಂದು ಮೆಟ್ಟಿಲು ಹತ್ತಿದಳು. ಇನ್ನೊಂದು. "ಆಲ್ವಿನ್, ನೋವೇ ಆಗ್ತಿಲ್ಲ ಕಣೋ! ಡಾಕ್ಟರು ಹೇಳಿದ ಕೋಲಿಗಿಂತ ಇದೇ ವಾಸಿ! ಕೊಟ್ಟಿದ್ದಕ್ಕೆ ಮೋಸ ಇಲ್ಲ ಬಿಡು."

ಮೊದಲ ಮಹಡಿಯಲ್ಲಿ ಅವಳು ನಿಲ್ಲಲಿಲ್ಲ, ಕಿಟಕಿಯ ಮಾತೂ ಆಡಲಿಲ್ಲ. ಟಕ್, ಟಕ್, ಟಕ್ ಎಂದು ಪೊರಕೆ ಊರಿಕೊಂಡು ಹುಡುಗಿಯಂತೆ ಹತ್ತುತ್ತಿದ್ದಳು. ಆಲ್ವಿನ್ ಹಿಂದಿನಿಂದ ನೋಡುತ್ತ ಬಂದ. ಮನೆ ಹೋದರೆ ಹೋಗಲಿ ಅನ್ನಿಸುವಷ್ಟು ಸಂತೋಷವಾಯಿತು ಅವನಿಗೆ.

ಎರಡನೇ ಮಹಡಿ ಮುಟ್ಟಿದ್ದರೋ ಇಲ್ಲವೋ, ಗೋಡೆಯ ಕೊಳವೆ ಮಾತಾಡಿತು: ಟಣ್, ಟಣ್, ಟಣ್.

ಈ ಸಲ ಅದರ ಅರ್ಥ ಹೇಳಲು ವುರ್ಸ್ಟರ್ ಬೇಕಾಗಲಿಲ್ಲ.